ಹಿಮಮಾರುತವೂ ದೀಪವಾರಿದ ಮನೆಯೂ

ಶೀತದೇಶಗಳಲ್ಲಿ ಹಿಮಮಾರುತವು ಬೀಸಿ ವಿದ್ಯುತ್ತು ನಿಂತುಹೋಗುವುದು ಅಪೂರ್ವವಲ್ಲ. ಅಲ್ಲಿಯ ಗೃಹಸ್ಥನು ಅದಕ್ಕೆ ಒಗ್ಗಿದವನು. ಬಿಸಿಲಿಗೆ ಹೊಂದಿದ ನಾಡಿನ ಮೇಲೆ ಅದೇ ಮಾರುತವು ಎರಗಿದರೆ ಏನಾದೀತೆಂಬುದಕ್ಕೆ ಅಮೆರಿಕದ ಟೆಕ್ಸಾಸ್ ರಾಜ್ಯವು 2021ರ ಫೆಬ್ರವರಿಯಲ್ಲಿ ದೃಷ್ಟಾಂತವಾಯಿತು. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ನಗರಗಳಲ್ಲಿ ಕನ್ನಡಿಗರ ಸಂಸಾರಗಳೂ ನೆಲೆಸಿರುವುದರಿಂದ ಈ ವೃತ್ತಾಂತವು ಕನ್ನಡನಾಡಿಗೆ ತೀರ ಪರಕೀಯವೂ ಅಲ್ಲ.

ಆ ತಿಂಗಳ 16ರಂದು ಡಲ್ಲಾಸಿನಲ್ಲಿ ಉಷ್ಣತೆಯು ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಕ್ಕಿಳಿಯಿತು. ಅನಿಲದ ಬಾವಿಗಳೂ ವಿದ್ಯುದಾಗಾರಗಳ ಯಂತ್ರಗಳೂ ಹೆಪ್ಪುಗಟ್ಟಿದವು. ಮನೆಗಳನ್ನು ಬೆಚ್ಚಗಿಡಲು ವಿದ್ಯುತ್ತಿನ ಬೇಡಿಕೆಯಾದರೋ ಏರುತ್ತಲೇ ಇದ್ದಿತು. ಆ ರಾಜ್ಯದ ವಿದ್ಯುಜ್ಜಾಲವು ನೆರೆಯವುಗಳೊಡನೆ ಬಹಳ ಕಡಿಮೆ ಬೆಸೆದುಕೊಂಡಿರುವುದರಿಂದ ಎರವಲು ಪಡೆಯುವ ಮಾರ್ಗವೂ ಇಲ್ಲವಾಯಿತು. 15ರ ನಡುರಾತ್ರಿ ಕಳೆದ ಮೇಲೆ ಸರಬರಾಯಿಯನ್ನು ಕಡಿತಗೊಳಿಸಲಾಯಿತು. ಇನ್ನು 4 ನಿಮಿಷ 37 ಸೆಕೆಂಡು ಕಳೆದಿದ್ದರೆ ಇಡೀ ಜಾಲವೇ ಕುಸಿಯುತ್ತಿತ್ತೆಂದು ತರುವಾಯ ತಿಳಿದುಬಂದಿತು. ಸುಮಾರು 45 ಲಕ್ಷ ಮನೆ ಮಳಿಗೆಗಳು ಕತ್ತಲೆಯಲ್ಲಿ ಮುಳುಗಿದವು.

ಸರಕಾರದ ಲೆಕ್ಕದಂತೆ ಮಡಿದವರು 246 ಮಂದಿ. ಇವರಲ್ಲಿ 161 ಮಂದಿ ಚಳಿಯಿಂದಲೇ ಸತ್ತರು. 19 ಮಂದಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದಿಂದ ಸತ್ತರು. ಎರಡನೆಯ ಸಂಖ್ಯೆ ಚಿಕ್ಕದಾದರೂ ಅದೇ ಹೆಚ್ಚು ಶೋಚನೀಯವಾದುದು. ಏಕೆಂದರೆ ಆ ಮೃತ್ಯುವು ಹೊರಗಿನಿಂದ ಬಂದುದಲ್ಲ, ಚಳಿಗಂಜಿ ಮನೆಯವರೇ ಹೊತ್ತಿಸಿದ ಬೆಂಕಿಯಿಂದಲೋ ನಡೆಸಿದ ಯಂತ್ರದಿಂದಲೋ ಹುಟ್ಟಿದುದು.

ನಮ್ಮ ಹಳ್ಳಿಗಳಲ್ಲಿ ಅಗ್ಗಿಷ್ಟಿಕೆಯ ಮುಂದೆ ಕುಳಿತು ಚಳಿ ಕಾಯಿಸುವುದು ಹಿಂದಿನಿಂದ ಬಂದ ರೂಢಿ. ಹೆಂಚಿನ ಸಂದು, ಬೆಳಕಿಂಡಿಗಳು ಗಾಳಿಯನ್ನಾಡಿಸುತ್ತಿದ್ದುದರಿಂದ ಅಪಾಯವು ಅಷ್ಟು ತೋರುತ್ತಿರಲಿಲ್ಲ. ಅಲ್ಲಿಯೂ ಬಾಗಿಲು ಬಿಗಿದು ಮಲಗಿದವರು ಏಳದೆ ಹೋದುದುಂಟು. ಅಮೆರಿಕದ ಮನೆಯಾದರೋ ಗಾಳಿ ನುಸುಳದಂತೆ ಕಟ್ಟಿದುದು. ಅದರೊಳಗೆ ಇದ್ದಲಿನ ಒಲೆಯನ್ನಿಟ್ಟರೂ, ಮುಚ್ಚಿದ ಕೊಟ್ಟಿಗೆಯಲ್ಲಿ ಮೋಟಾರನ್ನು ನಡೆಸುತ್ತ ಕುಳಿತರೂ ಅನಿಲವು ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪ್ರಾಣವಾಯುವನ್ನು ಒಯ್ಯಬೇಕಾದ ರಕ್ತದ ಕಣಗಳಿಗೆ ಅದೇ ಅಂಟಿಕೊಂಡು, ಮೊದಲು ತಲೆನೋವು, ಓಕರಿಕೆ, ಬಳಿಕ ಮಂಪರು ಬರುತ್ತದೆ. ನಿದ್ದೆಯೆಂದು ತಿಳಿದವನು ಎಚ್ಚರುವುದಿಲ್ಲ. ಆದುದರಿಂದ ಜನರೇಟರನ್ನು ಕಿಟಕಿ ಬಾಗಿಲುಗಳಿಂದ ಕನಿಷ್ಠ 20 ಅಡಿ ದೂರ, ಬಯಲಿನಲ್ಲಿಯೇ ಇಡತಕ್ಕದ್ದು. ಈ ಅನಿಲವನ್ನರಿತು ಕೂಗುವ ಪುಟ್ಟ ಯಂತ್ರವೊಂದು ದೊರೆಯುತ್ತದೆ. ವಿದ್ಯುತ್ತಿಲ್ಲದ ರಾತ್ರಿಗಾಗಿಯೇ ಬೇಕಾದ ಅದಕ್ಕೆ ಬ್ಯಾಟರಿಯಿರಬೇಕೆಂಬುದನ್ನು ಹಲವರು ಮರೆಯುತ್ತಾರೆ.

ಹಾಗಾದರೆ ಚಳಿಗೆ ಉಪಾಯವೇನು? ಶಾಖವನ್ನು ಹುಟ್ಟಿಸುವುದಕ್ಕಿಂತ ಇರುವ ಶಾಖವನ್ನು ಕಾಯುವುದು ಮೇಲು. ಮನೆಮಂದಿಯೆಲ್ಲ ಒಂದೇ ಕೋಣೆಯನ್ನು ಸೇರಿ, ಬಾಗಿಲ ಕೆಳಸಂದಿಗೆ ಬಟ್ಟೆ ತುರುಕಿ, ಕಿಟಕಿಗೆ ಕಂಬಳಿ ತೂಗುಹಾಕಿ, ಒಂದರ ಮೇಲೊಂದು ಉಡುಪು ತೊಟ್ಟು ಒತ್ತಾಗಿ ಕೂಡಬೇಕು. ಮುದುಕರನ್ನೂ ಕೂಸುಗಳನ್ನೂ ನಡುವೆ ಮಲಗಿಸಬೇಕು. ಯಂತ್ರದಿಂದ ಆಮ್ಲಜನಕ ಪಡೆಯುವ ರೋಗಿಯಿದ್ದರೆ ಅವನನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ಮಾರುತಕ್ಕೆ ಮುಂಚೆಯೇ ನಿಶ್ಚಯಿಸಿರಬೇಕು.

ನೀರಿನ ವಿಚಾರ. ನೀರು ಹೆಪ್ಪುಗಟ್ಟಿದಾಗ ನೂರು ಪಾಲು ಸುಮಾರು ನೂರೊಂಬತ್ತಾಗುತ್ತದೆ. ಕೊಳವೆಯೊಳಗಿನ ಒತ್ತಡವೇರಿ ಅದು ಸೀಳುತ್ತದೆ. ನಲ್ಲಿಯನ್ನು ತೊಟ್ಟಿಕ್ಕಲು ಬಿಡುವುದು ಆ ಒತ್ತಡವನ್ನಿಳಿಸುವುದಕ್ಕೆ. ಟೆಕ್ಸಾಸಿನಲ್ಲಿ ಕೋಟಿಗೂ ಮಿಕ್ಕ ಜನಕ್ಕೆ ನೀರಿನ ತೊಂದರೆಯಾದುದರಿಂದ, ಆಳೊಂದಕ್ಕೆ ದಿನಕ್ಕೆ ಸುಮಾರು 4 ಲೀಟರಿನಂತೆ ಮೊದಲೇ ತುಂಬಿಡುವುದು ಯುಕ್ತ. ಮುಖ್ಯ ತಿರುಪು ಎಲ್ಲಿದೆಯೆಂದು ಮನೆಯವರೆಲ್ಲರೂ ಅರಿತಿರಬೇಕು.

ತೆರೆಯದ ಶೀತಪೆಟ್ಟಿಗೆಯಲ್ಲಿ ಆಹಾರವು 4 ಗಂಟೆ ಕೆಡದು. ತುಂಬಿದ ಹಿಮಪೆಟ್ಟಿಗೆಯಲ್ಲಿ 48 ಗಂಟೆ.

ದೀಪ ಮರಳಿದೊಡನೆ ಯಂತ್ರಗಳನ್ನೆಲ್ಲ ಏಕಕಾಲಕ್ಕೆ ಹಚ್ಚಬಾರದು. ನೀರಿನ ತಿರುಪನ್ನು ಮುಚ್ಚಿದ್ದರೆ ಮೆಲ್ಲನೆ ತೆರೆಯಬೇಕು; ಆಗ ಒಬ್ಬನು ಕೋಣೆಕೋಣೆಗೂ ಹೋಗಿ ಗೋಡೆಗೆ ಕಿವಿಗೊಟ್ಟು ಸೋರುವ ಸದ್ದನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.