ಅಪ್ಪನಿಗೂ ಇರಲಿ ಹದಿನೈದು ದಿನ

ಕೆಲಸ ಹುಡುಕುವ ನಾವು ಅಧಿಸೂಚನೆ ಬಂದ ಕೂಡಲೇ ನೋಡುವುದು ಮೂರೇ: ವಯೋಮಿತಿ, ಹುದ್ದೆಗಳ ಸಂಖ್ಯೆ, ವೇತನ. ರಜೆಯ ನಿಯಮ ಓದುವವರು ಕಡಿಮೆ. ನಾನು ಓದಿದ್ದು, ಒಂದೇ ವರ್ಷ ನಮ್ಮ ಕುಟುಂಬಕ್ಕೆ ಎರಡು ಕೂಸು ಬಂದ ಮೇಲೆ.

ಭಾವ ರೈಲ್ವೆ ನೌಕರ. ಅಕ್ಕನ ಬಾಣಂತನ ಅರಸೀಕೆರೆಯ ನಮ್ಮ ಮನೆಯಲ್ಲಿ. ವೇತನಸಹಿತ 15 ದಿನ ಪಿತೃತ್ವ ರಜೆ ಸಿಕ್ಕಿದ್ದರಿಂದ ಭಾವ ಇಲ್ಲೇ ಉಳಿದರು. ‘ಅಳಿಯಂದಿರ ಕೈಲಿ ಬಟ್ಟೆ ಒಗೆಸೋದಾ?’ ಎಂದು ಅಮ್ಮನಿಗೆ ಎರಡು ದಿನ ಮುಜುಗರ. ಮೂರನೇ ದಿನದಿಂದ ಮಗುವಿನ ಬಟ್ಟೆ, ರಾತ್ರಿಯ ತೊಟ್ಟಿಲು ಭಾವನ ಪಾಲಾಯಿತು. ಅಮ್ಮ ಕಣ್ತುಂಬ ನಿದ್ದೆ ಮಾಡಿದಳು.

ಅಣ್ಣ ಬೇಲೂರಿನ ಹೋಟೆಲೊಂದರಲ್ಲಿ ಕೆಲಸಗಾರ. 2023ರಲ್ಲಿ ಬೇಲೂರು, ಹಳೇಬೀಡು ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ್ದು ನಮಗೆಲ್ಲ ಹೆಮ್ಮೆ. ಆದರೆ ಪ್ರವಾಸಿಗರು ತುಂಬಿರುವಾಗ ಅಣ್ಣ ರಜೆ ಕೇಳುವಂತಿಲ್ಲ. ಮಗಳು ಹುಟ್ಟಿದ ಮೂರನೇ ದಿನವೇ ಡ್ಯೂಟಿಗೆ ಹೋದ. ಹೋಗದಿದ್ದರೆ ಸಂಬಳ ಕಟ್. ಅತ್ತಿಗೆಯ ತವರು ಹಳೇಬೀಡು. ವಾರಕ್ಕೊಮ್ಮೆ ಬಸ್ ಹತ್ತಿ ಹೋಗಿ ನೋಡಿ ಬರುತ್ತಿದ್ದ. ಎತ್ತಿಕೊಂಡರೆ ಮಗು ಅಳುತ್ತಿತ್ತು.

ಇಬ್ಬರಿಗೂ ಮಕ್ಕಳೆಂದರೆ ಪ್ರಾಣ. ವ್ಯತ್ಯಾಸ ಇರುವುದು ನಿಯಮದಲ್ಲಿ. ಎರಡಕ್ಕಿಂತ ಕಡಿಮೆ ಮಕ್ಕಳಿರುವ ಕೇಂದ್ರ ಸರ್ಕಾರಿ ನೌಕರರು ಹೆರಿಗೆಯಾದ ಆರು ತಿಂಗಳೊಳಗೆ ಈ ರಜೆ ಪಡೆಯಬಹುದು. ರಾಜ್ಯ ಸರ್ಕಾರಿ ನೌಕರರಿಗೂ 15 ದಿನ ಇದೆ. ಮಹಿಳಾ ನೌಕರರಿಗೆ 2021ರಲ್ಲಿ ಕೊಟ್ಟ ಆರು ತಿಂಗಳ ಶಿಶುಪಾಲನಾ ರಜೆಯನ್ನು ಕರ್ನಾಟಕ 2023ರಲ್ಲಿ ಒಂಟಿ ತಂದೆಯರಿಗೂ ವಿಸ್ತರಿಸಿತು.

ಖಾಸಗಿ ವಲಯದ ಕಥೆಯೇ ಬೇರೆ. 2017ರ ಕಾಯ್ದೆ ತಿದ್ದುಪಡಿ ಮೊದಲ ಎರಡು ಹೆರಿಗೆಗೆ ತಾಯಂದಿರ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ತಂದೆಗೆ ಒಂದು ದಿನವನ್ನೂ ಕೊಡಲಿಲ್ಲ. ಅದೇ ವರ್ಷ ಸಂಸದ ರಾಜೀವ್ ಸಾತವ್ ಪಿತೃತ್ವ ಸೌಲಭ್ಯಕ್ಕಾಗಿ ಖಾಸಗಿ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ.

ಇದರ ಬಿಸಿ ಹುಡುಗಿಯರಿಗೂ ತಟ್ಟುತ್ತದೆ. ಸಂದರ್ಶನವೊಂದರಲ್ಲಿ ನನಗೆ ‘ಮದುವೆ ಯಾವಾಗ?’ ಎಂದು ಕೇಳಿದರು. ಜತೆಗೆ ಬಂದಿದ್ದ ಹುಡುಗರಿಗೆ ಕೇಳಲಿಲ್ಲ. ಮಗುವಿಗಾಗಿ ರಜೆ ಹಾಕುವವಳು ತಾಯಿ ಮಾತ್ರ ಎಂದಿರುವವರೆಗೆ ಆ ಪ್ರಶ್ನೆ ತಪ್ಪದು.

ಗೆಳೆಯರೇ, ಸರ್ಕಾರಿ ಕೆಲಸ ಸಿಕ್ಕರೆ ಆ 15 ದಿನವನ್ನು ನಾಮಕರಣದ ಓಡಾಟದಲ್ಲೇ ಮುಗಿಸಬೇಡಿ. ಖಾಸಗಿ ಕೆಲಸವಾದರೆ ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಪಿತೃತ್ವ ರಜೆ ಎಷ್ಟು ದಿನ ಎಂದು ಕೇಳಿ. ಇಲ್ಲ ಅನ್ನಬಹುದು. ಆದರೂ ಕೇಳಿ. ಕೇಳುವವರೇ ಇಲ್ಲದಿದ್ದರೆ ಕೊಡುವವರು ಎಲ್ಲಿಂದ ಬಂದಾರು?