ಬಂದವರು, ಹೋದವರು: ಹತ್ತೊಂಬತ್ತನೆಯ ಶತಮಾನದ ತುಮಕೂರು ಸೀಮೆಯ ವಲಸೆ

ಹತ್ತೊಂಬತ್ತನೆಯ ಶತಮಾನದ ವಲಸೆ ಎಂದೊಡನೆ ಅಮೆರಿಕೆಯ ಚಿತ್ರ ಕಣ್ಣಮುಂದೆ ನಿಲ್ಲುತ್ತದೆ. ಹಡಗಿನಿಂದಿಳಿದವರ ಹೆಸರು ಅಲ್ಲಿ ಬರೆಹಕ್ಕೇರಿತು. 1892ರಲ್ಲಿ ಎಲ್ಲಿಸ್ ದ್ವೀಪದಲ್ಲಿ ಅದಕ್ಕೆಂದೇ ಒಂದು ಠಾಣ್ಯ ತೆರೆಯಿತು. ಮೈಸೂರು ಸಂಸ್ಥಾನದೊಳಕ್ಕೆ ಕಾಲ್ನಡಿಗೆಯಲ್ಲಿ, ಹೇರೆತ್ತುಗಳೊಡನೆ ಬಂದವರಿಗೆ ಅಂಥ ಹೆಬ್ಬಾಗಿಲು ಇರಲಿಲ್ಲ. ಅವರ ಗುರುತು ಉಳಿದಿರುವುದು ಊರ ಹೆಸರುಗಳಲ್ಲಿ, ಮನೆಮಾತಿನಲ್ಲಿ, ಕುಲದ ಕಥನಗಳಲ್ಲಿ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ.

ಕುಣಿಗಲ್ ಕೆರೆಯ ಚೆಲುವನ್ನು ಕೊಂಡಾಡುವ ಜನಪದ ಗೀತೆ ನಾಡಿಗೆಲ್ಲ ಪರಿಚಿತ. ಬಯಲುಸೀಮೆಯ ಇಂಥ ಕೆರೆಗಳ ಏರಿ ಹಾಕುವ, ಹೂಳೆತ್ತುವ, ತೂಬಿಗೆ ಕಲ್ಲು ಕೂರಿಸುವ ಕೆಲಸದಲ್ಲಿ ನುರಿತವರು, ಇಂದು ಭೋವಿ ಎಂದು ಕರೆದುಕೊಳ್ಳುವ ಸಮುದಾಯದವರು. ಮಣ್ಣಿನ ಕೆಲಸದವರು ಮಣ್ಣುವಡ್ಡರು, ಕಲ್ಲಿನ ಕೆಲಸದವರು ಕಲ್ಲುವಡ್ಡರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಕೆಲಸವಿದ್ದೆಡೆಗೆ ಸಂಸಾರ ಸಮೇತ ಹೋಗಿ ಬೀಡುಬಿಡುವುದು ಇವರ ಪದ್ಧತಿಯಾಗಿತ್ತು. ಬೀಡುಗಳಲ್ಲಿ ಕೆಲವು ಹಟ್ಟಿಗಳಾಗಿ ನಿಂತವು. ಸ್ಥಳಪುರಾಣಗಳು ಕೆರೆ ಕಟ್ಟಿಸಿದ ದೊರೆಯನ್ನು ಮರೆಯದೆ ಹೆಸರಿಸುತ್ತವೆ, ಅಗೆದವರನ್ನು ಹೆಸರಿಸುವುದು ಅಪರೂಪ.

ಲಂಬಾಣಿ, ಕೊರಚ ಸಮುದಾಯಗಳ ಕಥೆ ಇನ್ನಷ್ಟು ಗಂಭೀರವಾದುದು. ಗುಬ್ಬಿ ಹಳೆಯ ವ್ಯಾಪಾರದ ಪೇಟೆ. 1800ರಲ್ಲಿ ಈ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅದರ ವ್ಯಾಪಾರವನ್ನು ವಿವರಿಸಿದ್ದಾನೆ. ಗಾಡಿದಾರಿಗಳಿಲ್ಲದ ಕಾಲದಲ್ಲಿ ಉಪ್ಪು, ಧಾನ್ಯಗಳನ್ನು ಸೀಮೆಯಿಂದ ಸೀಮೆಗೆ ಸಾಗಿಸಿದ್ದು ಈ ಸಮುದಾಯಗಳ ಹೇರೆತ್ತುಗಳು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಅವಧಿಯಲ್ಲಿ (1834–1861) ರಸ್ತೆಗಳು ಹೆಚ್ಚಿದವು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು, 1889ರಲ್ಲಿ ಆ ಹಳಿ ಹರಿಹರವನ್ನು ಮುಟ್ಟಿತು. ನಾಡಿಗೆ ಅನುಕೂಲವಾದ ಈ ಹಾದಿಗಳೇ ಹೇರಿನವರ ಕಸುಬನ್ನು ಕಸಿದವು. ಅಲೆದಾಟ ಜೀವನೋಪಾಯವಾಗಿದ್ದುದು ಅನುಮಾನಕ್ಕೆ ಕಾರಣವಾಯಿತು. ಮೊದಲು ಉತ್ತರ ಭಾರತಕ್ಕೆಂದು 1871ರಲ್ಲಿ ಜಾರಿಯಾದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ನೆರೆಯ ಮದ್ರಾಸ್ ಪ್ರಾಂತಕ್ಕೂ ವಿಸ್ತರಿಸಿತು. ನಿನ್ನೆಯವರೆಗೆ ಊರಿಗೆ ಉಪ್ಪು ತಂದವನು ಇಂದು ಠಾಣೆಯಲ್ಲಿ ಹಾಜರಿ ಹಾಕಬೇಕಾದವನಾದ. 1952ರಲ್ಲಿ ಕಾಯಿದೆ ರದ್ದಾದರೂ ಕಳಂಕ ಕೂಡಲೇ ಅಳಿಯಲಿಲ್ಲ.

ಬಂದವರಷ್ಟೇ ಹೋದವರೂ ನಾಡಿನ ರೂಪವನ್ನು ಬದಲಿಸಿದರು. ಧಾತು, ಈಶ್ವರ ಸಂವತ್ಸರಗಳ ಬರಗಾಲ (1876–78) ಹಳೆಯ ಮೈಸೂರಿನ ಮೇಲೆರಗಿದ ಮಹಾವಿಪತ್ತು. 1871ರ ಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಕುಸಿಯಿತು. ಸತ್ತವರೇ ಹೆಚ್ಚು, ಗುಳೆ ಹೋಗಿ ಮರಳದವರೂ ಈ ಕೊರತೆಯಲ್ಲಿ ಸೇರಿದ್ದಾರೆ. ಬದುಕುಳಿದವರಿಗೆ ಪರಿಹಾರವಾಗಿ ದೊರೆತದ್ದು ಕೂಲಿ: ಬೆಂಗಳೂರು–ಮೈಸೂರು ರೈಲುಮಾರ್ಗದ ಮಣ್ಣುಕೆಲಸ ಆರಂಭವಾದುದು ಬರದ ಕಾಮಗಾರಿಯಾಗಿಯೇ. ಕಾಫಿ ತೋಟಗಳು ಬೆಳೆದಂತೆ ಬಯಲಿನವರು ಸುಗ್ಗಿಯ ನಡುವಿನ ತಿಂಗಳುಗಳಲ್ಲಿ ಮಲೆನಾಡಿಗೆ ಕೂಲಿಗೆ ಹೋಗುವುದೂ ವಾಡಿಕೆಯಾಯಿತು. ‘ಘಟ್ಟಕ್ಕೆ ಹೋಗುವುದು’ ಎಂಬ ನುಡಿಯ ಹಿಂದೆ ಇಂಥ ನೆನಪಿದೆ.

ಗುಬ್ಬಿಗೆ ದೂರದವರೂ ಬಂದರು. 1830ರ ದಶಕದಲ್ಲಿ ವೆಸ್ಲಿಯನ್ ಮಿಷನರಿಗಳು ಅಲ್ಲಿ ನೆಲೆಯೂರಿದರು. ಅವರಲ್ಲಿ ವಿಲಿಯಂ ಆರ್ಥರ್ ತನ್ನ ಮೈಸೂರಿನ ಅನುಭವಗಳ ಗ್ರಂಥವನ್ನು 1847ರಲ್ಲಿ ಪ್ರಕಟಿಸಿದ. ಥಾಮಸ್ ಹಾಡ್ಸನ್ ಕನ್ನಡ ವ್ಯಾಕರಣವೊಂದನ್ನು ರಚಿಸಿದ. ಧರ್ಮಪ್ರಚಾರಕ್ಕೆ ಬಂದವರಿಂದ ಭಾಷೆಗೂ ಇಷ್ಟು ಲಾಭವಾಯಿತು. ರೈಲು ತುಮಕೂರನ್ನು ತಲಪಿದ 1884ರಲ್ಲಿಯೇ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಮಂಡಳಿ ಹುಟ್ಟಿದ್ದು ಗಮನಾರ್ಹ. ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಈ ಕಂಪನಿ ಪರದೆ, ವೇಷ, ಸಂಸಾರಗಳೊಡನೆ ಊರಿಂದೂರಿಗೆ ಕ್ಯಾಂಪು ಹಾಕುತ್ತ ಸಾಗಿತು. ಅಲೆಮಾರಿ ಎಂದು ಲಂಬಾಣಿಯನ್ನು ಶಂಕಿಸಿದ ಸಮಾಜವೇ ಈ ಅಲೆಮಾರಿಗಳ ಡೇರೆಗೆ ಟಿಕೆಟು ಕೊಂಡು ನುಗ್ಗಿತು.