ಒಣ ಎಲೆ ಅಂಟಿಸಿದ ಗ್ರೀಟಿಂಗ್ ಕಾರ್ಡ್ ವಿದೇಶಕ್ಕೆ ಕಳಿಸಬಹುದೇ? ಶರತ್ಕಾಲದ ಕಾರ್ಡ್‌ಗಳ ಬಗ್ಗೆ ನಾಲ್ಕು ನಂಬಿಕೆಗಳು, ನಾಲ್ಕು ಉತ್ತರಗಳು

ಅಕ್ಟೋಬರ್ ಬಂತೆಂದರೆ ಅಮೆರಿಕ, ಕೆನಡಾ, ಜಪಾನ್‌ನಂಥ ದೇಶಗಳಲ್ಲಿ ಮೇಪಲ್ ಮರಗಳು ಕೆಂಪು, ಕಿತ್ತಳೆ, ಹಳದಿಗೆ ತಿರುಗುತ್ತವೆ. ಅಮೆರಿಕ ಮತ್ತು ಕೆನಡಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವುದೂ ಈ ಕಾಲದಲ್ಲೇ. ಎಲೆ, ಕುಂಬಳಕಾಯಿ, ಓಕ್ ಕಾಯಿಗಳ ಆಕಾರ ಕತ್ತರಿಸಿ ಅಂಟಿಸಿದ ಕೈಯಿಂದ ಮಾಡಿದ ಶುಭಾಶಯ ಪತ್ರಗಳನ್ನು ಆಗ ಹಂಚುತ್ತಾರೆ. ಅಲ್ಲಿರುವ ಕನ್ನಡಿಗರ ಮನೆಯ ಮಕ್ಕಳೂ ಇಂಥ ಕಾರ್ಡ್ ಮಾಡಿ ಊರಿನ ಅಜ್ಜ-ಅಜ್ಜಿಗೆ ಕಳಿಸುವುದುಂಟು. ಇವುಗಳನ್ನು ಮಾಡುವ ವಿಡಿಯೊಗಳ ಜೊತೆ ಕೆಲವು 'ಟಿಪ್ಸ್'ಗಳೂ ಮೊಬೈಲಿಗೆ ಬರುತ್ತವೆ. ಅವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು?

ನಂಬಿಕೆ 1: ಚಳಿ ಬಿದ್ದರೆ ಎಲೆ ಕೆಂಪಾಗುತ್ತದೆ, ಒತ್ತಿ ಒಣಗಿಸಿದರೆ ಆ ಬಣ್ಣ ಹಾಗೆಯೇ ಉಳಿಯುತ್ತದೆ

ಭಾಗಶಃ ಮಾತ್ರ ನಿಜ. ಬಣ್ಣ ಬದಲಾಗಲು ಮೊದಲ ಸೂಚನೆ ಹಗಲು ಕಿರಿದಾಗುವುದು. ಆಗ ಮರ ಎಲೆಯಲ್ಲಿರುವ ಹಸಿರು ಪದಾರ್ಥ ಕ್ಲೋರೊಫಿಲ್ ಅನ್ನು ಒಡೆದು, ಅದರ ಪೋಷಕಾಂಶಗಳನ್ನು ವಾಪಸ್ ಎಳೆದುಕೊಳ್ಳುತ್ತದೆ. ಹಳದಿ ಬಣ್ಣದ ಕೆರೊಟಿನಾಯ್ಡ್‌ಗಳು ಎಲೆಯಲ್ಲಿ ಮೊದಲಿನಿಂದಲೂ ಇರುತ್ತವೆ, ಹಸಿರು ಹೋದ ಮೇಲೆ ಕಣ್ಣಿಗೆ ಬೀಳುತ್ತವೆ. ಕೆಂಪು ಬಣ್ಣದ ಆಂಥೊಸಯಾನಿನ್ ಮಾತ್ರ ಆ ಹೊತ್ತಿನಲ್ಲಿ ಹೊಸದಾಗಿ ತಯಾರಾಗುತ್ತದೆ. ಬಿಸಿಲಿನ ಹಗಲು, ತಂಪಾದ ರಾತ್ರಿ ಇದ್ದರೆ ಕೆಂಪು ಚೆನ್ನಾಗಿ ಬರುತ್ತದೆ. ಆದರೆ ಹಿಮಗಟ್ಟುವಷ್ಟು ಚಳಿ ಬಿದ್ದರೆ ಎಲೆಯೇ ಸಾಯುತ್ತದೆ, ಕೆಂಪು ಅಲ್ಲಿಗೇ ನಿಲ್ಲುತ್ತದೆ.

ಈ ಬಣ್ಣಗಳು ಬೆಳಕಿಗೆ ಮಂಕಾಗುತ್ತವೆ. ಪುಸ್ತಕದ ನಡುವೆ ಒಂದೆರಡು ವಾರ ಒತ್ತಿಟ್ಟ ಎಲೆ ಆಗ ಚೆಂದ ಕಾಣಬಹುದು. ಕಾರ್ಡಿಗೆ ಅಂಟಿಸಿ ಗೋಡೆಗೆ ತೂಗುಹಾಕಿದರೆ ನಿಧಾನವಾಗಿ ಕಂದಾಗುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಬೇಗ ಒಣಗಲಿ ಎಂದು ಮೈಕ್ರೋವೇವ್‌ನಲ್ಲಿ ಇಡುವುದು ಅಪಾಯ. ನೀರಿನಂಶ ಪೂರ್ತಿ ಆರಿದ ಎಲೆ ಅಲ್ಲಿ ಹೊತ್ತಿಕೊಳ್ಳಬಹುದು.

ನಂಬಿಕೆ 2: ಒಣಗಿದ ಎಲೆ ತಾನೇ, ಅಂಚೆಯಲ್ಲಿ ಯಾವ ದೇಶಕ್ಕಾದರೂ ಕಳಿಸಬಹುದು

ಇದು ತಪ್ಪು. ಎಲೆ ಒಣಗಿದ್ದರೂ ಅದರ ಮೇಲೆ ಕೀಟದ ಮೊಟ್ಟೆ, ಶಿಲೀಂಧ್ರದ ಬೀಜಕಣ ಉಳಿದಿರಬಹುದು. ಅದಕ್ಕೇ ಹಲವು ದೇಶಗಳು ಸಸ್ಯದ ಭಾಗಗಳು ಒಳಗೆ ಬರುವುದನ್ನು ನಿಯಂತ್ರಿಸುತ್ತವೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ನಲ್ಲಿ ಹೊರದೇಶದ ಅಂಚೆಯನ್ನು ಈ ಕಾರಣಕ್ಕೆ ಕಟ್ಟುನಿಟ್ಟಾಗಿ ತಪಾಸಣೆ ಮಾಡುತ್ತಾರೆ. ಭಾರತದಲ್ಲೂ ಸಸ್ಯ ಮತ್ತು ಸಸ್ಯಜನ್ಯ ವಸ್ತುಗಳ ಆಮದಿಗೆ 2003ರ ಆದೇಶವೊಂದು ಜಾರಿಯಲ್ಲಿದೆ. ಮಗು ಪ್ರೀತಿಯಿಂದ ಮಾಡಿದ ಕಾರ್ಡ್ ತಪಾಸಣೆಯಲ್ಲೇ ಉಳಿದುಬಿಡಬಹುದು.

ಒಂದು ಎಲೆಗೆ ಇಷ್ಟೆಲ್ಲ ಬೇಕೇ ಎನಿಸಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಎಲೆ ತುಕ್ಕು ರೋಗ ಗೊತ್ತು. ಎಲೆಯ ಅಡಿಭಾಗದಲ್ಲಿ ಕಿತ್ತಳೆ ಪುಡಿಯಂತೆ ಕಾಣುವುದು ಅದೇ ಶಿಲೀಂಧ್ರದ ಬೀಜಕಣ. 1869ರಲ್ಲಿ ಸಿಲೋನ್‌ನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಾಣಿಸಿಕೊಂಡ ಈ ರೋಗ ಅಲ್ಲಿನ ಕಾಫಿ ಬೆಳೆಯನ್ನೇ ಮುಗಿಸಿತು. ತೋಟಗಾರರು ಚಹಾಕ್ಕೆ ತಿರುಗಿದರು. ಅಮೆರಿಕದಲ್ಲಿ 1904ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾದ ಚೆಸ್ಟ್‌ನಟ್ ರೋಗ ಏಷ್ಯಾದಿಂದ ತಂದ ಗಿಡಗಳ ಜೊತೆ ಬಂದದ್ದು. ಅದು ಕೋಟ್ಯಂತರ ಮರಗಳನ್ನು ಕೊಂದಿತು. ಇವು ಗ್ರೀಟಿಂಗ್ ಕಾರ್ಡಿನಿಂದ ಬಂದ ರೋಗಗಳಲ್ಲ. ಆದರೆ ನಿಯಮ ಏಕೆ ಬಿಗಿಯಾಗಿದೆ ಎಂಬುದನ್ನು ಇವು ತೋರಿಸುತ್ತವೆ.

ನಂಬಿಕೆ 3: ಗ್ಲಿಟರ್ ಬರೀ ಮಿನುಗುವ ಪುಡಿ, ಮಕ್ಕಳ ಕೈಗೆ ಕೊಟ್ಟರೆ ತೊಂದರೆಯಿಲ್ಲ

ಸಾಮಾನ್ಯ ಗ್ಲಿಟರ್ ಎಂದರೆ ಅಲ್ಯೂಮಿನಿಯಂ ಲೇಪಿಸಿದ ಪ್ಲಾಸ್ಟಿಕ್ ಹಾಳೆಯ ಚೂರು. ಚೂರುಗಳ ಅಂಚು ಚೂಪಾಗಿರುತ್ತದೆ. ಕಣ್ಣಿಗೆ ಬಿದ್ದಾಗ ಉಜ್ಜಿದರೆ ಕಣ್ಣಿನ ಪಾರದರ್ಶಕ ಪದರಕ್ಕೆ ಗೀರು ಬೀಳಬಹುದು. ಹಾಗಾದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು, ನೋವು ಉಳಿದರೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಗ್ಲಿಟರ್ ಮೆತ್ತಿದ ಕಾಗದವನ್ನು ಮರುಬಳಕೆ ಮಾಡುವುದೂ ಕಷ್ಟ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನು ನಿರ್ಬಂಧಿಸಿದೆ.

ನಂಬಿಕೆ 4: ಡೈ ಕಟ್ ಎಂದರೆ ದುಬಾರಿ ಯಂತ್ರ ಬೇಕೇ ಬೇಕು

ಬೇಕಿಲ್ಲ. ಡೈ ಎಂದರೆ ಎಲೆಯ ಆಕಾರದಲ್ಲಿ ಹರಿತ ಅಂಚಿರುವ ಲೋಹದ ಅಚ್ಚು. ಚಪಾತಿ ಹಿಟ್ಟಿನ ಮೇಲೆ ಲೋಟ ಒತ್ತಿ ದುಂಡಗೆ ಕತ್ತರಿಸಿದಂತೆಯೇ ಇದರ ಕೆಲಸ. ಕಾಗದ ಮತ್ತು ಡೈಯನ್ನು ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಇಟ್ಟು, ರೋಲರ್ ಮೂಲಕ ಹಾಯಿಸುತ್ತಾರೆ. ನಮ್ಮ ಮದುವೆ ಕರೆಯೋಲೆಗಳ ಜಾಲರಿ ಅಂಚು, ಸಿಹಿತಿಂಡಿಯ ಡಬ್ಬಿಗಳು ಆಗುವುದು ಇದೇ ವಿಧಾನದ ದೊಡ್ಡ ಯಂತ್ರಗಳಲ್ಲಿ. ಒಂದೆರಡು ಕಾರ್ಡಿಗಾದರೆ ಸ್ಟೇಷನರಿ ಅಂಗಡಿಯ ಎಲೆ ಆಕಾರದ ಪಂಚ್ ಸಾಕು. ರಟ್ಟಿನ ಮೇಲೆ ಎಲೆ ಬರೆದು ಕತ್ತರಿಸಿ, ಅದನ್ನೇ ಅಚ್ಚಾಗಿಟ್ಟುಕೊಂಡರೂ ಆದೀತು.

ಕಾಗದದ ಎಲೆಯ ಕಾರ್ಡ್ ಮಾಡುವುದು ಹೀಗೆ

* ಕಾರ್ಡಿಗೆ 200ರಿಂದ 300 ಜಿಎಸ್‌ಎಂ ದಪ್ಪದ ಹಾಳೆ ತೆಗೆದುಕೊಳ್ಳಿ. ಜೆರಾಕ್ಸ್ ಹಾಳೆ ಸುಮಾರು 80 ಜಿಎಸ್‌ಎಂ ಇರುತ್ತದೆ, ಅದು ನಿಲ್ಲುವುದಿಲ್ಲ.
* ಮಡಿಸುವ ಮೊದಲು ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಸಿ. ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ನಾರಿಗೆ ಅಡ್ಡ ಮಡಿಸಿದರೆ ಮಡಿಕೆ ಸೀಳುತ್ತದೆ.
* ಡೈ ಯಂತ್ರ ಇದ್ದರೆ, ಸೂಕ್ಷ್ಮ ನರಗಳಿರುವ ಎಲೆ ಡೈಯಲ್ಲೇ ಸಿಕ್ಕಿಕೊಳ್ಳದಂತೆ ಡೈ ಮತ್ತು ಹಾಳೆಯ ನಡುವೆ ವ್ಯಾಕ್ಸ್ ಪೇಪರ್ ಇಡಿ.
* ಎಲೆಯ ನಡುನರದ ಮೇಲೆ ಹರಿತವಿಲ್ಲದ ಕಡ್ಡಿಯಿಂದ ಗೆರೆ ಒತ್ತಿ ಬಾಗಿಸಿ, ಆ ನರಕ್ಕೆ ಮಾತ್ರ ಅಂಟು ಹಚ್ಚಿ. ಅಂಚುಗಳು ಎದ್ದು ನಿಂತು ನಿಜ ಎಲೆಯಂತೆ ಕಾಣುತ್ತವೆ.
* ನೀರಿನ ಅಂಟು ಹೆಚ್ಚಾದರೆ ನಾರು ಉಬ್ಬಿ ಹಾಳೆ ಸುರುಳಿಯಾಗುತ್ತದೆ. ತೆಳುವಾಗಿ ಹಚ್ಚಿ, ಇಲ್ಲವೇ ಎರಡೂ ಕಡೆ ಅಂಟಿರುವ ಟೇಪ್ ಬಳಸಿ.
* ಅರಿಸಿನದಿಂದ ಬಳಿದ ಹಳದಿ ಬೆಳಕಿಗೆ ಬೇಗ ಮಾಸುತ್ತದೆ. ಬಹುಕಾಲ ಉಳಿಯಬೇಕಾದರೆ ಬಣ್ಣದ ಹಾಳೆಯನ್ನೇ ಕತ್ತರಿಸಿ.
* ಎಲೆಗಳನ್ನು ತೀರಾ ಎತ್ತರಕ್ಕೆ ಪೇರಿಸಬೇಡಿ. ಅಮೆರಿಕದ ಅಂಚೆಯಲ್ಲಿ ಉಬ್ಬುತಗ್ಗಿನ ಅಥವಾ ಚೌಕಾಕಾರದ ಲಕೋಟೆಗೆ ಹೆಚ್ಚುವರಿ ಶುಲ್ಕವಿದೆ.

ನಮ್ಮಲ್ಲಿ ಶರದೃತುವಿಗೆ ಎಲೆ ಉದುರುತ್ತದೆಯೇ?

ನಮ್ಮ ಪಂಚಾಂಗದ ಶರದೃತು ಎಂದರೆ ಆಶ್ವಯುಜ, ಕಾರ್ತಿಕ. ಮಳೆ ಮುಗಿದು ಗಿಡಮರ ಇನ್ನೂ ಹಸಿರಾಗಿರುವ ಕಾಲ. ಎಲೆ ಉದುರುವ ಕಾಲವೆಂದು ನಾವು ಕರೆಯುವುದು ಶಿಶಿರವನ್ನು. ಆದರೂ ಎಲೆ ಕೆಂಪಾಗುವುದನ್ನು ನೋಡಲು ವಿದೇಶಕ್ಕೆ ಹೋಗಬೇಕಿಲ್ಲ. ರಸ್ತೆಬದಿಯ ಕಾಡು ಬಾದಾಮಿ ಮರದ ದೊಡ್ಡ ಎಲೆಗಳು ಉದುರುವ ಮುನ್ನ ಕಡುಗೆಂಪಾಗುತ್ತವೆ. ಅದನ್ನು ಎದುರಿಗಿಟ್ಟುಕೊಂಡು ಮಕ್ಕಳು ಕಾಗದದಲ್ಲಿ ಎಲೆ ಕತ್ತರಿಸಬಹುದು.

ಫಾರ್ವರ್ಡ್ ಮಾಡುವ ಮುನ್ನ

ನಿಜವಾದ ಎಲೆಯ ಕಾರ್ಡ್ ಅದೇ ಊರಿನವರಿಗೆ, ಕೈಯಾರೆ ಕೊಡಲು ಚೆನ್ನ. ಗಡಿ ದಾಟಬೇಕಾದ ಕಾರ್ಡಿಗೆ ಕಾಗದದ ಎಲೆಯೇ ಸರಿ. ಮಕ್ಕಳು ಮಾಡುವುದಾದರೆ ಗ್ಲಿಟರ್ ಬೇಡ, ಡೈ ಯಂತ್ರದ ಬಳಿ ದೊಡ್ಡವರೊಬ್ಬರು ಇರಲಿ. 'ಒಣ ಎಲೆ ಅಂಟಿಸಿ ವಿದೇಶಕ್ಕೆ ಕಳಿಸಿ' ಎನ್ನುವ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಈ ವಿಷಯವನ್ನೂ ಹಂಚಿಕೊಳ್ಳಿ.